ಥರ್ಮಾಮೀಟರ್ ತಪ್ಪು ತೋರಿಸುತ್ತಿದೆ, ಎಷ್ಟು ಕೂಡಿಸಲಿ?

ಪ್ರಶ್ನೆ: ಮುಂಬಯಿಯ ಮಾಟುಂಗಾದಲ್ಲಿ ಇಪ್ಪತ್ತು ವರ್ಷ ಇದ್ದು, ಈ ವರ್ಷ ಪುಣೆಯ ಕೋಥ್ರೂಡ್‌ಗೆ ಬಂದಿದ್ದೇವೆ. ಮನೆಯಲ್ಲೇ ಕೊಬ್ಬರಿ ಮಿಠಾಯಿ, ಗಟ್ಟಿ ಮೊಸರು ಮಾಡಿ ಆರ್ಡರ್ ಮೇಲೆ ಕೊಡುತ್ತೇನೆ. ಸಾಮಾನು ಸಾಗಿಸುವಾಗ ಹಳೇ ಥರ್ಮಾಮೀಟರ್ ಕಳೆದುಹೋಯಿತು. ಇಲ್ಲಿ ಹೊಸದು ಕೊಂಡೆ. ಉದ್ದ ಸ್ಟೀಲ್ ಕಡ್ಡಿ, ಮೇಲೆ ಗಡಿಯಾರದಂಥ ಮುಖ, ಒಂದು ಮುಳ್ಳು. ಮುಂಬಯಿಯಲ್ಲಿ ಮಾಡುತ್ತಿದ್ದಂತೆಯೇ ಪಾಕ 112 ಡಿಗ್ರಿಗೆ ಬಂದಾಗ ಒಲೆಯಿಂದ ಇಳಿಸುತ್ತೇನೆ. ಆದರೂ ಮಿಠಾಯಿ ಕಲ್ಲಿನಂತಾಗುತ್ತಿದೆ, ಚಾಕು ಇಟ್ಟರೆ ಅಂಚು ಉದುರುತ್ತದೆ. ಮೊಸರು ಮಾತ್ರ ಚೆನ್ನಾಗಿ ಬರುತ್ತಿದೆ. ಫ್ರಿಜ್‌ನಲ್ಲಿಟ್ಟರೆ ಮುಳ್ಳು 6 ಡಿಗ್ರಿ ತೋರಿಸುತ್ತದೆ ಅಂತ ಮೆಕ್ಯಾನಿಕ್ ಕರೆಸಿದೆ, ಅವರು ಫ್ರಿಜ್ ಸರಿಯಾಗಿಯೇ ಇದೆ ಅಂದರು. ಅನುಮಾನ ಬಂದು ಕಡ್ಡಿಯನ್ನು ಐಸ್‌ನಲ್ಲಿ ಇಟ್ಟೆ, 2 ತೋರಿಸಿತು. ಕುದಿಯುವ ನೀರಿನಲ್ಲಿ 95. ಪಕ್ಕದ ಮನೆಯವರು ಎಲ್ಲದಕ್ಕೂ ಐದು ಕೂಡಿಸಿ ಅಂತಾರೆ. ಹನ್ನೊಂದನೇ ಕ್ಲಾಸಿನ ಮಗ ಫಾರ್ಮುಲಾ ಹೇಳುತ್ತಾನೆ. ಅಂಗಡಿಯವರು ಹಿಂದಿನ ನಟ್ ತಿರುಗಿಸಿ ಅಂತಾರೆ. ಯಾರ ಮಾತು ಕೇಳಲಿ? ಮೂರು ತಿಂಗಳಿಂದ ಪುಸ್ತಕದಲ್ಲಿ ಬರೆದಿಟ್ಟ ಅಂಕಿಗಳೆಲ್ಲ ದಂಡವೇ?

ಉತ್ತರ: ದಂಡವಲ್ಲ. ಒಂದು ಅಂಕಿಯನ್ನೂ ಹೊಡೆದುಹಾಕಬೇಡಿ. ಐಸ್‌ನಲ್ಲಿ 2, ಕುದಿಯುವ ನೀರಿನಲ್ಲಿ 95 ಎಂಬ ಎರಡು ಅಳತೆಗಳನ್ನು ನೀವೇ ತೆಗೆದುಕೊಂಡಿದ್ದೀರಿ. ಹೆಚ್ಚಿನವರು ಒಂದನ್ನು ನೋಡಿ ನಿಲ್ಲಿಸುತ್ತಾರೆ. ನಿಮ್ಮ ಹತ್ತಿರ ಎರಡೂ ಇರುವುದರಿಂದ ಉತ್ತರ ಮುಕ್ಕಾಲು ಭಾಗ ನಿಮ್ಮ ಪತ್ರದಲ್ಲೇ ಇದೆ.

ಮೊದಲು ಪಕ್ಕದ ಮನೆಯವರ ಸಲಹೆ ನೋಡೋಣ. ಐಸ್‌ನಲ್ಲಿ ನಿಮ್ಮ ಮುಳ್ಳು 2 ಡಿಗ್ರಿ ಜಾಸ್ತಿ ತೋರಿಸುತ್ತಿದೆ. ಕುದಿಯುವ ನೀರಿನಲ್ಲಿ ಕಡಿಮೆ ತೋರಿಸುತ್ತಿದೆ. ಅಂದ ಮೇಲೆ ಎಲ್ಲ ಕಡೆ ಒಂದೇ ಸಂಖ್ಯೆ ಕೂಡಿಸುವುದು ಹೇಗೆ ಸರಿಯಾದೀತು? ಕೆಳಗೆ ಕಳೆಯಬೇಕು, ಮೇಲೆ ಕೂಡಿಸಬೇಕು. ನಡುವೆ ಎಲ್ಲೋ ಒಂದು ಕಡೆ ಕಳೆಯುವುದೂ ಬೇಡ, ಕೂಡಿಸುವುದೂ ಬೇಡ. ಮುಳ್ಳು ಅಲ್ಲಿ ನಿಜವನ್ನೇ ಹೇಳುತ್ತದೆ. ನಿಮ್ಮ ಮೊಸರು ಯಾಕೆ ಕೆಡಲಿಲ್ಲ ಅನ್ನುವುದಕ್ಕೆ ಉತ್ತರವೂ ಅಲ್ಲೇ ಇದೆ, ಆ ಜಾಗಕ್ಕೆ ಆಮೇಲೆ ಬರುತ್ತೇನೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಭೋಸರಿಯ ಒಂದು ಕಾರ್ಖಾನೆಯಲ್ಲಿ ಪೇಂಟ್ ಒಣಗಿಸುವ ಓವನ್ನಿನ ಲೆಕ್ಕ ನನ್ನ ಪಾಲಿಗಿತ್ತು. ಥರ್ಮಾಮೀಟರನ್ನು ಐಸ್‌ನಲ್ಲಿಟ್ಟೆ, ಒಂದು ಡಿಗ್ರಿ ಜಾಸ್ತಿ ತೋರಿಸಿತು. ಎಲ್ಲ ಅಂಕಿಯಿಂದ ಒಂದೊಂದು ಕಳೆದು ರಿಪೋರ್ಟ್ ಕೊಟ್ಟೆ. ಪೇಂಟ್ ಸಿಪ್ಪೆ ಏಳತೊಡಗಿತು. ಹಿರಿಯರೊಬ್ಬರು ಬಂದು ಕೇಳಿದ್ದು ಒಂದೇ ಮಾತು: "ನೀನು ಓವನ್ ನಡೆಸುವುದು 180 ಡಿಗ್ರಿಯಲ್ಲಿ. ಪರೀಕ್ಷೆ ಮಾಡಿದ್ದು ಸೊನ್ನೆಯಲ್ಲಿ. ನಡುವಿನ ದಾರಿ ನೋಡಿದೆಯಾ?" ಅಂದಿನಿಂದ ಎರಡು ಜಾಗದಲ್ಲಿ ನೋಡದೆ ಯಾವ ಥರ್ಮಾಮೀಟರಿಗೂ ನಾನು ಸಹಿ ಹಾಕಿಲ್ಲ.

ಇನ್ನು ಮಗನ ಫಾರ್ಮುಲಾ. ಪತ್ರದಲ್ಲಿ ಅದನ್ನು ನೀವು ಬರೆದಿಲ್ಲ, ಆದರೆ ಶಾಲೆಯಲ್ಲಿ ಹೇಳಿಕೊಡುವುದು ಇದು: ಮುಳ್ಳು ತೋರಿಸಿದ ಅಂಕಿಯಿಂದ ಐಸಿನ ಅಂಕಿ ಕಳೆ. ಕುದಿಯುವ ಅಂಕಿಯಿಂದ ಐಸಿನ ಅಂಕಿ ಕಳೆದರೆ ಬರುವುದರಿಂದ ಅದನ್ನು ಭಾಗಿಸು. ಆಮೇಲೆ 100ರಿಂದ ಗುಣಿಸು. ಹುಡುಗನ ದಾರಿ ಸರಿಯಾದದ್ದೇ. ಐಸಿನಿಂದ ಕುದಿತದವರೆಗೆ ನಿಮ್ಮ ಮುಳ್ಳು 93 ಮನೆ ನಡೆಯುತ್ತದೆ. ನಿಜವಾದ ಡಿಗ್ರಿಗಳು ಅದಕ್ಕಿಂತ ಜಾಸ್ತಿ. ಅಂದರೆ ಡಯಲ್ ಮೇಲಿನ ಒಂದು ಮನೆ ಒಂದು ಡಿಗ್ರಿಗಿಂತ ಸ್ವಲ್ಪ ದೊಡ್ಡದು. ಎಷ್ಟು ದೊಡ್ಡದು ಅಂತ ಕಂಡುಹಿಡಿದರೆ ಮುಗಿಯಿತು.

ಆದರೆ ಆ 100 ಪುಣೆಯದ್ದಲ್ಲ.

ಈ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಿಮ್ಮ ಮಿಠಾಯಿಯ ಅರ್ಧ ಕಥೆ ಇದರಲ್ಲೇ ಇದೆ. ನೀರು 100 ಡಿಗ್ರಿಗೆ ಕುದಿಯುವುದು ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸದಷ್ಟು ಇದ್ದಾಗ, ಅಂದರೆ ಹೆಚ್ಚುಕಡಿಮೆ ಸಮುದ್ರದ ಮಟ್ಟದಲ್ಲಿ. ಮಾಟುಂಗಾದಲ್ಲಿ ಅದು ನಡೆಯುತ್ತದೆ. ಘಾಟ್ ಹತ್ತಿ ಖಂಡಾಲಾ ದಾಟಿ ಬಂದರೆ ಪುಣೆ ಸಮುದ್ರಕ್ಕಿಂತ ಸುಮಾರು 560 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ತಲೆಯ ಮೇಲಿನ ಗಾಳಿಯ ಭಾರ ಕಡಿಮೆಯಾಗುತ್ತದೆ. ಆವಿಯ ಗುಳ್ಳೆಗಳಿಗೆ ಏಳಲು ಅಷ್ಟು ಬಿಸಿ ಬೇಕಾಗುವುದಿಲ್ಲ. ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ. ಪುಣೆಯಲ್ಲಿ ನೀರು ಕುದಿಯುವುದು ಹತ್ತಿರ ಹತ್ತಿರ 98 ಡಿಗ್ರಿಗೆ. ಬೆಂಗಳೂರಿನಲ್ಲಿ 97ಕ್ಕೆ. ಮಹಾಬಳೇಶ್ವರಕ್ಕೆ ಹೋದರೆ 95.5 ಸುಮಾರಿಗೆ. ಗ್ಯಾಸ್ ಎಷ್ಟು ದೊಡ್ಡದು ಮಾಡಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಐಸಿನದ್ದು ಹಾಗಲ್ಲ. ಕರಗುವ ಐಸ್ ಮುಂಬಯಿಯಲ್ಲೂ ಸೊನ್ನೆ, ಪುಣೆಯಲ್ಲೂ ಸೊನ್ನೆ. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಅಳತೆಪಟ್ಟಿಯ ಬಗ್ಗೆ ಬರೆದಾಗಲೇ ಇದನ್ನು ಹೇಳಿದ್ದ: ಗಾಳಿಯ ಒತ್ತಡಕ್ಕೆ ಕುದಿಯುವ ಬಿಂದು ಅಲ್ಲಾಡುತ್ತದೆ, ಕರಗುವ ಬಿಂದು ಅಲ್ಲಾಡುವುದಿಲ್ಲ. ಅವನ ಪಟ್ಟಿಯಲ್ಲಿ ಕುದಿಯುವುದಕ್ಕೆ 0, ಕರಗುವುದಕ್ಕೆ 100 ಇತ್ತು. ಅವನು ತೀರಿಕೊಂಡ ಮೇಲೆ ಅದನ್ನು ತಿರುಗಿಸಿದರು. ಒತ್ತಡದ ಮಾತು ಮಾತ್ರ ಹಾಗೇ ಉಳಿಯಿತು. ಪಠ್ಯಪುಸ್ತಕದ ಲೆಕ್ಕಗಳಲ್ಲಿ ಅದು ಬಿಟ್ಟುಹೋಗಿರುತ್ತದೆ, ಮಗನ ತಪ್ಪೇನೂ ಇಲ್ಲ. ಫಾರ್ಮುಲಾದ ಕೊನೆಯ 100ರ ಜಾಗದಲ್ಲಿ 98 ಹಾಕಲು ಹೇಳಿ, ಸಾಕು.

ಈಗ ಲೆಕ್ಕ ಸಲೀಸು. ಮುಳ್ಳಿನ 93 ಮನೆ ಅಂದರೆ ನಿಜವಾದ 98 ಡಿಗ್ರಿ. 98ನ್ನು 93ರಿಂದ ಭಾಗಿಸಿದರೆ 1.054. ಮುಳ್ಳು ಏನು ತೋರಿಸುತ್ತದೋ ಅದರಿಂದ 2 ಕಳೆಯಿರಿ, ಉಳಿದದ್ದನ್ನು 1.054ರಿಂದ ಗುಣಿಸಿ. ಇಷ್ಟೇ.

ಫ್ರಿಜ್‌ನಿಂದ ಶುರುಮಾಡೋಣ. ಮುಳ್ಳು 6. ಎರಡು ಕಳೆದರೆ 4. ಗುಣಿಸಿದರೆ 4.2. ಫ್ರಿಜ್ ಸರಿಯಾಗಿಯೇ ಇತ್ತು, ಮೆಕ್ಯಾನಿಕ್ ನಿಜ ಹೇಳಿದ್ದರು. ಮೊಸರಿಗೆ ಹೆಪ್ಪು ಹಾಕುವಾಗ ನೀವು 43 ನೋಡುತ್ತೀರಿ ಅಂದುಕೊಳ್ಳಿ. 41ನ್ನು 1.054ರಿಂದ ಗುಣಿಸಿದರೆ 43.2. ನೋಡಿ, ಮುಳ್ಳು ಅಲ್ಲಿ ಹೇಳುವುದು ಹೆಚ್ಚುಕಡಿಮೆ ನಿಜ. ನಿಮ್ಮ ಥರ್ಮಾಮೀಟರ್ ಪೂರ್ತಿ ಸರಿಯಾಗಿರುವುದು 39ರ ಸುತ್ತಮುತ್ತ, ಮೊಸರಿನ ಬಿಸಿ ಅದರ ಪಕ್ಕದಲ್ಲೇ ಇದೆ. ಮೊಸರು ಚೆನ್ನಾಗಿ ಬಂದದ್ದರಿಂದ ಥರ್ಮಾಮೀಟರ್ ಮೇಲೆ ನಿಮಗೆ ನಂಬಿಕೆ ಹುಟ್ಟಿರಬೇಕು. ಪಕ್ಕದ ಮನೆಯವರ ಮಾತು ಕೇಳಿ ಐದು ಕೂಡಿಸಿದ್ದರೆ 48 ಅಂತ ಭಾವಿಸಿ ಹಾಲನ್ನು ಇನ್ನೂ ಆರಿಸುತ್ತಿದ್ದಿರಿ. ಮುಳ್ಳು 38ಕ್ಕೆ ಬಂದ ಮೇಲೆ ಹೆಪ್ಪು ಹಾಕುತ್ತಿದ್ದಿರಿ, ಮೊಸರು ನಿಧಾನವಾಗಿ, ತೆಳ್ಳಗೆ ಆಗುತ್ತಿತ್ತು.

ಇನ್ನು ಪಾಕ. ಮುಳ್ಳು 112. ಎರಡು ಕಳೆದು 110, ಗುಣಿಸಿದರೆ 115.9. ಅಂದರೆ 112 ಅಂತ ನೀವು ಇಳಿಸುವಾಗ ಪಾಕ ನಿಜವಾಗಿ 116ಕ್ಕೆ ಏರಿರುತ್ತದೆ. ನಾಲ್ಕು ಡಿಗ್ರಿ ಅಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಅದರ ಮೇಲೆ ಪುಣೆಯ ಎರಡು ಡಿಗ್ರಿ ಬೇರೆ ಸೇರುತ್ತದೆ.

ಪಾಕದ ಬಿಸಿ ನೋಡುವುದು ಬಿಸಿಗಾಗಿ ಅಲ್ಲ. ಅದರಲ್ಲಿ ಎಷ್ಟು ನೀರು ಉಳಿದಿದೆ ಅಂತ ತಿಳಿಯುವುದಕ್ಕೆ. ಸಕ್ಕರೆ ಕರಗಿದ ನೀರು ಬರೀ ನೀರಿಗಿಂತ ಮೇಲಿನ ಬಿಸಿಯಲ್ಲಿ ಕುದಿಯುತ್ತದೆ. ನೀರು ಆರಿ ಸಕ್ಕರೆ ಗಟ್ಟಿಯಾದಷ್ಟೂ ಕುದಿಯುವ ಬಿಂದು ಮೇಲೇರುತ್ತದೆ. ಮುಂಬಯಿಯಲ್ಲಿ 112 ಅಂದರೆ ಬರೀ ನೀರಿಗಿಂತ 12 ಡಿಗ್ರಿ ಮೇಲೆ. ಆ ಹದದಲ್ಲಿ 100 ಗ್ರಾಂ ಪಾಕದಲ್ಲಿ ಸುಮಾರು 15 ಗ್ರಾಂ ನೀರು ಉಳಿದಿರುತ್ತದೆ. ತಣ್ಣೀರಿಗೆ ಒಂದು ಹನಿ ಬಿಟ್ಟರೆ ಬೆರಳಲ್ಲಿ ಮೆತ್ತನೆಯ ಉಂಡೆಯಾಗುತ್ತದೆ. ಪುಣೆಯಲ್ಲಿ ಬರೀ ನೀರೇ 98ಕ್ಕೆ ಕುದಿಯುವುದರಿಂದ ಅದೇ ಹದ 110ಕ್ಕೇ ಬಂದುಬಿಡುತ್ತದೆ. ನೀವು 116ರವರೆಗೆ ಒಯ್ಯುತ್ತಿದ್ದೀರಿ. ಮುಂಬಯಿಯ ಲೆಕ್ಕದಲ್ಲಿ ಅದು 118 ಆಯಿತು. ಅದು ಮೆತ್ತನೆಯ ಉಂಡೆ ದಾಟಿದ ಗಟ್ಟಿ ಉಂಡೆ ಪಾಕ. ಕೊಬ್ಬರಿ ಹಾಕಿ ತಟ್ಟೆಗೆ ಸುರಿದ ಕೂಡಲೇ ಬಿಗಿಯುತ್ತದೆ, ಕತ್ತರಿಸಿದರೆ ಅಂಚು ಉದುರುತ್ತದೆ. ನೀವು ಬರೆದದ್ದೂ ಅದನ್ನೇ.

ಅಂದರೆ ನಿಮ್ಮ ಅಡುಗೆಮನೆಯಲ್ಲಿ ಒಂದೇ ಸಲ ಎರಡು ತಪ್ಪು ಸೇರಿಕೊಂಡವು. ಒಂದು ಥರ್ಮಾಮೀಟರಿನದ್ದು, ಇನ್ನೊಂದು ಊರಿನದ್ದು. ಥರ್ಮಾಮೀಟರ್ ಸರಿಯಿದ್ದಿದ್ದರೂ ಮುಂಬಯಿಯ 112 ಇಲ್ಲಿ ಸ್ವಲ್ಪ ಗಟ್ಟಿಯೇ ಆಗುತ್ತಿತ್ತು. ನಿಮ್ಮ ಕೈಗುಣದಲ್ಲಿ ಏನೂ ಕೊರತೆಯಿಲ್ಲ.

ಹಾಗಾದರೆ ಮುಳ್ಳು ಎಲ್ಲಿಗೆ ಬಂದಾಗ ಇಳಿಸಬೇಕು? ಲೆಕ್ಕವನ್ನು ಹಿಂದುಮುಂದು ಮಾಡಿ. ಬೇಕಾದದ್ದು 110. ಅದನ್ನು 1.054ರಿಂದ ಭಾಗಿಸಿದರೆ 104.4. ಅದಕ್ಕೆ 2 ಕೂಡಿಸಿದರೆ 106.4. ಮುಳ್ಳು 106 ದಾಟುತ್ತಿದ್ದಂತೆ ಬಾಣಲೆ ಕೆಳಗಿಳಿಸಿ.

ಇಲ್ಲಿ ಒಂದು ಎಚ್ಚರಿಕೆ. ನೀವು ಪರೀಕ್ಷಿಸಿದ್ದು ಐಸಿನಿಂದ ಕುದಿಯುವ ನೀರಿನವರೆಗೆ ಮಾತ್ರ. ಪಾಕ ಇರುವುದು ಅದರಾಚೆ. ಅದೇ ನೇರ ಗೆರೆ ಮುಂದೂ ಹೋಗುತ್ತದೆ ಅಂತ ನಂಬಿ ಲೆಕ್ಕ ಹಾಕಿದ್ದೇವೆ. ಹತ್ತು ಹನ್ನೆರಡು ಡಿಗ್ರಿಯವರೆಗೆ ಹಾಗೆ ನಂಬಬಹುದು, ಬೆಲ್ಲದ ಚಿಕ್ಕಿಗೆ ಬೇಕಾದ 145, 150ರವರೆಗೆ ನಂಬಬಾರದು. ದಶಾಂಶಗಳ ಮೇಲೂ ಜಾಸ್ತಿ ಮೋಹ ಬೇಡ. ಇಂಥ ಡಯಲ್‌ಗಳಲ್ಲಿ ಸಾಮಾನ್ಯವಾಗಿ ಎರಡೆರಡು ಡಿಗ್ರಿಗೆ ಒಂದು ಗೆರೆ ಇರುತ್ತದೆ. ಕಣ್ಣಿಗೆ ಸಿಗುವುದು ಒಂದು ಡಿಗ್ರಿ. ಕ್ಯಾಲ್ಕ್ಯುಲೇಟರ್ 115.9 ಅಂದರೆ ನೀವು "115ರಿಂದ 117ರ ಒಳಗೆ" ಅಂತ ಓದಿಕೊಳ್ಳಿ.

ಲೆಕ್ಕ ಎಷ್ಟು ಸರಿಯಿದ್ದರೂ ಆ 2 ಮತ್ತು 95 ತಪ್ಪಾಗಿದ್ದರೆ ಎಲ್ಲವೂ ತಪ್ಪು. ಅದಕ್ಕೇ ಎರಡನ್ನೂ ಇನ್ನೊಮ್ಮೆ ತೆಗೆದುಕೊಳ್ಳಿ. ಐಸ್ ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಹೀಗೆ: ಲೋಟದ ತುಂಬ ನೀರು, ಮೇಲೆ ನಾಲ್ಕು ಐಸ್ ತುಂಡು ತೇಲುತ್ತಿರುತ್ತವೆ. ತಳದ ನೀರು 4 ಡಿಗ್ರಿ ಇರಬಹುದು. 4 ಡಿಗ್ರಿಯ ನೀರೇ ಎಲ್ಲಕ್ಕಿಂತ ಭಾರ, ಅದು ಕೆಳಗೆ ಕೂರುತ್ತದೆ. ಕಡ್ಡಿಯ ತುದಿ ಅಲ್ಲಿ ಮುಟ್ಟಿದರೆ ಥರ್ಮಾಮೀಟರ್ ತಪ್ಪು ಅಂತ ನಾವು ಸುಮ್ನೆ ದೂರುತ್ತೇವೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಕುಟ್ಟಿ ಪುಡಿ ಮಾಡಿ. ಲೋಟ ಪೂರ್ತಿ ಅದನ್ನೇ ತುಂಬಿ. ಸಂದುಗಳು ತುಂಬುವಷ್ಟು ಮಾತ್ರ ತಣ್ಣೀರು ಹಾಕಿ. ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಅದು ಬಿಳುಪು ಬಿಟ್ಟು ಒದ್ದೆಯಾಗಿ ಹೊಳೆಯುವವರೆಗೆ ಕಾಯಿರಿ. ಕಡ್ಡಿ ನಡುವೆ ಇರಲಿ, ಗಾಜಿಗೆ ತಾಗದಿರಲಿ. ಮುಳ್ಳು ನಿಂತ ಮೇಲೂ ಎರಡು ನಿಮಿಷ ಬಿಟ್ಟು ಓದಿ.

ಕುದಿಯುವ ನೀರಿಗೆ ನಲ್ಲಿ ನೀರು ಸಾಕು. ಉಪ್ಪಿನಂಶ ಇರುತ್ತದಲ್ಲ ಅಂತ ಚಿಂತೆ ಬೇಡ. ಒಂದು ಲೀಟರ್ ನೀರಿನ ಕುದಿಯುವ ಬಿಂದುವನ್ನು ಒಂದು ಡಿಗ್ರಿ ಏರಿಸಲು 58 ಗ್ರಾಂ ಉಪ್ಪು ಬೇಕು. ಅಷ್ಟು ಉಪ್ಪಿನ ನೀರನ್ನು ಯಾರೂ ಕುಡಿಯಲಾರರು. ತಳದಿಂದ ಸಣ್ಣ ಗುಳ್ಳೆ ಏಳುವುದು ಕುದಿತವಲ್ಲ, ನೀರು ಉಕ್ಕಿ ಮಗುಚಬೇಕು. ಕಡ್ಡಿ ತಳ ಮುಟ್ಟಬಾರದು.

ಇನ್ನೊಂದು ವಿಷಯ ನಿಮ್ಮ ತರಹದ ಡಯಲ್ ಥರ್ಮಾಮೀಟರಿಗೇ ಸೇರಿದ್ದು. ಅದರ ಕಡ್ಡಿಯೊಳಗೆ ಎರಡು ಲೋಹ ಅಂಟಿಸಿದ ಪಟ್ಟಿ ಸುರುಳಿಯಾಗಿ ಕೂತಿರುತ್ತದೆ. ಬಿಸಿಗೆ ಒಂದು ಲೋಹ ಜಾಸ್ತಿ ಹಿಗ್ಗುತ್ತದೆ, ಸುರುಳಿ ತಿರುಗುತ್ತದೆ, ಮುಳ್ಳು ಓಡುತ್ತದೆ. ಆ ಸುರುಳಿ ತುದಿಯಲ್ಲಿ ಮಾತ್ರ ಇಲ್ಲ, ತುದಿಯಿಂದ ಮೇಲಕ್ಕೂ ಹರಡಿದೆ. ಹಾಗಾಗಿ ಎರಡರಿಂದ ಎರಡೂವರೆ ಇಂಚು ಮುಳುಗಿದರೇ ಅದು ಸರಿ ಓದುವುದು. ಅರ್ಧ ಕೆಜಿ ಸಕ್ಕರೆಯ ಪಾಕ ಅಗಲ ಬಾಣಲೆಯಲ್ಲಿ ಒಂದು ಇಂಚು ಆಳವೂ ಇರುವುದಿಲ್ಲ. ಕಡ್ಡಿಯ ಮೇಲಿನ ಭಾಗ ಗಾಳಿಯಲ್ಲಿ ಉಳಿದು ಮುಳ್ಳು ಇನ್ನೂ ಕಡಿಮೆ ತೋರಿಸುತ್ತದೆ. ಈ ತಪ್ಪಿಗೆ ಯಾವ ಫಾರ್ಮುಲಾ ಇಲ್ಲ. ಕಿರಿದಾದ, ಎತ್ತರದ ಪಾತ್ರೆಯಲ್ಲಿ ಪಾಕ ಮಾಡಿ. ಅಥವಾ ಬಾಣಲೆಯನ್ನು ಓರೆ ಮಾಡಿ ಪಾಕ ಒಂದು ಕಡೆ ಸೇರಿದಾಗ ಓದಿ.

ನೇರ ಗೆರೆ ನಿಜವಾಗಿಯೂ ನೇರವಾಗಿದೆಯೇ ಅಂತ ನೋಡಲು ಮನೆಯಲ್ಲೇ ಮೂರನೇ ಪರೀಕ್ಷೆ ಮಾಡಬಹುದು. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಇರುತ್ತದಲ್ಲ, ಅದರ ಓಟ ಚಿಕ್ಕದು, ಆದರೆ ಆ ಚಿಕ್ಕ ಜಾಗದಲ್ಲಿ ಅದು ತುಂಬ ನಿಖರ. ಒಂದು ಪಾತ್ರೆಯಲ್ಲಿ ಬೆಚ್ಚಗಿನ ನೀರು ತೆಗೆದುಕೊಂಡು ಕಲಕುತ್ತ ಎರಡನ್ನೂ ಒಟ್ಟಿಗೆ ಇಳಿಬಿಡಿ. ಜ್ವರದ ಥರ್ಮಾಮೀಟರ್ 104 ಫ್ಯಾರನ್‌ಹೀಟ್ ತೋರಿಸಿದರೆ ಅದು 40 ಡಿಗ್ರಿ ಸೆಲ್ಸಿಯಸ್. ನಮ್ಮ ಲೆಕ್ಕದ ಪ್ರಕಾರ ಆಗ ನಿಮ್ಮ ಮುಳ್ಳೂ 40ರಲ್ಲೇ ನಿಂತಿರಬೇಕು. ನಿಂತರೆ ಲೆಕ್ಕವನ್ನು ಧೈರ್ಯವಾಗಿ ಬಳಸಿ. 37ರಲ್ಲೋ 43ರಲ್ಲೋ ನಿಂತರೆ ಆ ಥರ್ಮಾಮೀಟರ್ ಬಾಗಿದ ದಾರಿಯಲ್ಲಿ ನಡೆಯುತ್ತಿದೆ, ಅದನ್ನು ತಿದ್ದುವುದಕ್ಕಿಂತ ಬದಲಿಸುವುದೇ ವಾಸಿ.

ನಟ್ ತಿರುಗಿಸುವ ವಿಷಯ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ಆ ನಟ್ ಮುಳ್ಳನ್ನು ಇಡೀ ಪಟ್ಟಿಯ ಮೇಲೆ ಒಂದೇ ಸಮನೆ ಸರಿಸುತ್ತದೆ. ಡಯಲ್ ಮೇಲಿನ ಒಂದೊಂದು ಮನೆಯ ಅಳತೆಯನ್ನು ಅದು ದೊಡ್ಡದು ಚಿಕ್ಕದು ಮಾಡಲಾರದು. ಐಸಿನಲ್ಲಿಟ್ಟು ಸೊನ್ನೆಗೆ ತಂದಿರಿ ಅನ್ನಿ, ಕುದಿಯುವ ನೀರಿನಲ್ಲಿ 95 ಹೋಗಿ 93 ಆಗುತ್ತದೆ, ಪಾಕದ ತಪ್ಪು ಇನ್ನೂ ಹೆಚ್ಚುತ್ತದೆ. ಆದರೆ ಕುದಿಯುವ ನೀರಿನಲ್ಲಿಟ್ಟು 98ಕ್ಕೆ ತಂದರೆ ಪಾಕದ ಹತ್ತಿರ ಅದು ಹೆಚ್ಚುಕಡಿಮೆ ಸರಿಹೋಗುತ್ತದೆ. 110ರ ಜಾಗದಲ್ಲಿ 109 ಚಿಲ್ಲರೆ ತೋರಿಸುತ್ತದೆ. ಮೊಸರಿನ 43 ಮಾತ್ರ ಆಗ 46 ಹತ್ತಿರ ಕಾಣುತ್ತದೆ. ಪಾಕಕ್ಕೆ ಒಂದು, ಮೊಸರಿಗೆ ಒಂದು ಅಂತ ಎರಡು ಥರ್ಮಾಮೀಟರ್ ಇಟ್ಟುಕೊಳ್ಳುವುದಾದರೆ ಹೀಗೆ ಮಾಡಿ. ಒಂದೇ ಇದ್ದರೆ ನಟ್ ಮುಟ್ಟಬೇಡಿ, ಲೆಕ್ಕವೇ ಒಳ್ಳೆಯದು.

ಪುಣೆಯ ಹವಾಮಾನ ಇಲಾಖೆಯವರೂ ಹಾಗೇ ಮಾಡುತ್ತ ಬಂದಿದ್ದಾರೆ. ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂತು, 1944ರಲ್ಲಿ ದೆಹಲಿಗೆ ಹೋಯಿತು. ಶಿವಾಜಿನಗರದ ಆ ಕಟ್ಟಡವನ್ನು ಈಗಲೂ ಸಿಮ್ಲಾ ಆಫೀಸ್ ಅಂತಲೇ ಕರೆಯುತ್ತಾರೆ. ಹವಾಮಾನ ಕೇಂದ್ರಗಳ ಗಾಜಿನ ಥರ್ಮಾಮೀಟರುಗಳ ಜೊತೆ ಒಂದು ತಿದ್ದುಪಡಿ ಕಾರ್ಡ್ ಇರುತ್ತದೆ. ಇಷ್ಟು ತೋರಿಸಿದರೆ ಇಷ್ಟು ಕೂಡಿಸಿ, ಅಷ್ಟು ತೋರಿಸಿದರೆ ಅಷ್ಟು ಕಳೆಯಿರಿ ಅಂತ. ಉಪಕರಣ ಪರಿಪೂರ್ಣವಾಗಿರಬೇಕೆಂಬ ಹಟ ಅಲ್ಲಿಲ್ಲ, ಅದರ ತಪ್ಪು ಗೊತ್ತಿರಬೇಕು ಅಷ್ಟೇ. ನೀವೂ ಒಂದು ರಟ್ಟಿನ ಮೇಲೆ ಬರೆದು ಒಲೆಯ ಪಕ್ಕ ಅಂಟಿಸಿ: ಮುಳ್ಳು 6 ಅಂದರೆ ನಿಜ 4, ಮುಳ್ಳು 43 ಅಂದರೆ 43, 60 ಅಂದರೆ 61, 80 ಅಂದರೆ 82, 106 ಅಂದರೆ 110, 112 ಅಂದರೆ 116.

ನಿಮ್ಮ ಪುಸ್ತಕಕ್ಕೆ ಬರೋಣ. ಹಳೇ ಅಂಕಿಯ ಮೇಲೆ ಗೀಟು ಹಾಕಬೇಡಿ. ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು ತಿದ್ದಿದ ಅಂಕಿ ಬರೆಯಿರಿ. ಮುಂದೆ ಲೆಕ್ಕದಲ್ಲೇ ತಪ್ಪು ಕಂಡರೆ ಮೂಲ ಅಂಕಿ ಇರಬೇಕಲ್ಲ. ತಿಂಗಳ ಸರಾಸರಿ ಮಾತ್ರ ಬೇಕಾದರೆ ಮೂವತ್ತು ಅಂಕಿಗಳನ್ನೂ ಒಂದೊಂದಾಗಿ ತಿದ್ದುವ ಶ್ರಮ ಬೇಡ. ಹಳೇ ಅಂಕಿಗಳ ಸರಾಸರಿ ತೆಗೆದು, ಅದೊಂದನ್ನೇ ತಿದ್ದಿದರೂ ಉತ್ತರ ಅದೇ. ಹಾಲು ಎಷ್ಟು ಡಿಗ್ರಿ ಆರಿತು ಎಂಬಂಥ ವ್ಯತ್ಯಾಸಗಳಿಗೆ ಆ 2 ಕಳೆಯಬಾರದು, ಎರಡೂ ಕಡೆಯ 2 ತಾನಾಗಿ ಹೋಗಿಬಿಡುತ್ತದೆ. ಮುಳ್ಳು 85ರಿಂದ 45ಕ್ಕೆ ಇಳಿದರೆ 40 ಮನೆ. ಅದನ್ನು 1.054ರಿಂದ ಗುಣಿಸಿ, 42 ಡಿಗ್ರಿ ಆರಿದೆ.

ಈ ಮೂರು ತಿಂಗಳಲ್ಲಿ ಥರ್ಮಾಮೀಟರ್ ಯಾವಾಗಲಾದರೂ ಕೈಜಾರಿ ಬಿದ್ದಿತ್ತೇ, ನೆನಪು ಮಾಡಿಕೊಳ್ಳಿ. ಡಯಲ್ ಇರುವುದು ಬಿದ್ದರೆ ಮುಳ್ಳು ಜರುಗುತ್ತದೆ. ಇವತ್ತು ಅಳೆದ ತಪ್ಪು ಬಿದ್ದ ದಿನದ ಈಚೆಗೆ ಮಾತ್ರ ಅನ್ವಯ, ಅದಕ್ಕೂ ಹಿಂದಿನ ಅಂಕಿಗಳನ್ನು ಇದರಿಂದ ತಿದ್ದಬೇಡಿ. ಇನ್ನು ಮುಂದೆ ತಿಂಗಳಿಗೊಮ್ಮೆ ಐಸ್ ಪರೀಕ್ಷೆ ಮಾಡಿ, ತಾರೀಕು ಹಾಕಿ ಬರೆದಿಡಿ.

ಗಣೇಶ ಚೌತಿಯ ಆರ್ಡರ್ ಶುರುವಾಗುವ ಮುಂಚೆ ಅರ್ಧ ತೆಂಗಿನಕಾಯಿಯದ್ದು ಒಂದು ಸಣ್ಣ ಪಾಕ ಮಾಡಿ ನೋಡಿ. ಒಲೆಯ ಪಕ್ಕ ಒಂದು ಬಟ್ಟಲು ತಣ್ಣೀರು ಇರಲಿ. ಮುಳ್ಳು 104ಕ್ಕೆ ಬಂದಾಗ ಒಂದು ಹನಿ ಬಿಡಿ, 106ಕ್ಕೆ ಇನ್ನೊಂದು. ಎತ್ತರ ಬದಲಾದರೂ, ಥರ್ಮಾಮೀಟರ್ ತಪ್ಪಿದರೂ ಹನಿ ತಪ್ಪು ಹೇಳುವುದಿಲ್ಲ. ಅದು ಬೆರಳಿನಲ್ಲಿ ಮೆತ್ತಗೆ ಉಂಡೆಯಾದ ಕ್ಷಣ ಮುಳ್ಳು ಎಲ್ಲಿದೆ ಅಂತ ನೋಡಿ, ರಟ್ಟಿನ ಕೊನೆಯ ಸಾಲಿನಲ್ಲಿ ಆ ಅಂಕಿ ಬರೆಯಿರಿ. ನನ್ನ 106ಕ್ಕೂ ನಿಮ್ಮ ಅಂಕಿಗೂ ಒಂದೆರಡು ಡಿಗ್ರಿ ವ್ಯತ್ಯಾಸ ಬಂದರೆ ನಿಮ್ಮದನ್ನೇ ಇಟ್ಟುಕೊಳ್ಳಿ.